ಬ್ಯಾಕಪ್ ಭಾವನ ಭಾನುವಾರ

"ಹತ್ತೇ ನಿಮಿಷ! ನೀನು ಕಾಫಿ ಕುಡಿದು ಲೋಟ ಕೆಳಗಿಡೋದ್ರೊಳಗೆ ನಿನ್ನ ಅಂಗಡಿ ಕಂಪ್ಯೂಟರ್ ನಿನ್ನೆ ಹೇಗಿತ್ತೋ ಹಾಗೇ ಎದ್ದು ಕೂತಿರುತ್ತೆ, ನೋಡ್ತಾ ಇರು!"

ಹೆಂಡತಿಗೆ ಹೀಗೆಂದು ಘೋಷಿಸಿ ಬ್ಯಾಕಪ್ ಭಾವನವರು ಬನಿಯನ್ನಿನ ಮೇಲೆ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. ಭಾನುವಾರ, ಸ್ವಂತ ಮನೆ, ನೋಡುವವರು ಹೆಂಡತಿ ಮತ್ತು ಅತ್ತೆ ಇಬ್ಬರೇ. ಆದರೂ ಸರ್ವರ್ ಎದುರು ಬನಿಯನ್ನಿನಲ್ಲಿ ಕೂರುವುದು ಅವರ ಘನತೆಗೆ ಒಗ್ಗುವುದಿಲ್ಲ.

ಬ್ಯಾಕಪ್ ಭಾವ ಎಂಬ ಬಿರುದು ನಾದಿನಿ ದಯಪಾಲಿಸಿದ್ದು. ಅವಳ ಫೋನು ನೀರಿಗೆ ಬಿದ್ದು, ಅದರಲ್ಲಿದ್ದ ಮಗುವಿನ ಫೋಟೋಗಳೆಲ್ಲ ಹೋಗಿ, ಆಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಭಾವನವರು ಸಮಾಧಾನದ ಒಂದು ಮಾತೂ ಆಡದೆ "ಬ್ಯಾಕಪ್ ಇತ್ತಾ?" ಎಂದು ಕೇಳಿದ್ದರು. ಆಮೇಲೆ ಹಾಲಿನ ಪಾತ್ರೆ ಮಗುಚಿದರೂ ಅದೇ ಪ್ರಶ್ನೆ, ಪಕ್ಕದ ಮನೆಯವರ ಬೆಕ್ಕು ಕಾಣೆಯಾದರೂ ಅದೇ ಪ್ರಶ್ನೆ. ಬಿರುದು ಗಟ್ಟಿಯಾಯಿತು. ಭಾವನವರೂ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು!

ಆಫೀಸಿನಲ್ಲಿ ಅವರ ಕೆಲಸವೂ ಅದೇ. ಯಾರೋ ಏನನ್ನೋ ಅಳಿಸುತ್ತಾರೆ. "ನಾನೇನೂ ಮಾಡಿಲ್ಲ ಸಾರ್, ಅದಾಗೇ ಹೋಯ್ತು" ಎನ್ನುತ್ತಾ ಬರುತ್ತಾರೆ. ಇವರು ಹಳೆಯ ಪ್ರತಿ ಹುಡುಕಿ, ಸತ್ತ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುತ್ತಾರೆ. ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, "ಇಷ್ಟು ಹೊತ್ತು ಬೇಕಾಯ್ತಾ?" ಎನ್ನುತ್ತಾರೆ. ವಾರವಿಡೀ ಹೀಗೆ ಎಬ್ಬಿಸಿ ಎಬ್ಬಿಸಿ, ಭಾನುವಾರ ಬೆಳಿಗ್ಗೆ ತಮ್ಮನ್ನು ತಾವೇ ಎಬ್ಬಿಸಿಕೊಳ್ಳಲು ಅವರಲ್ಲಿ ತ್ರಾಣ ಉಳಿದಿರುವುದಿಲ್ಲ. ದಣಿದವನು ಅಡ್ಡದಾರಿ ಹುಡುಕುತ್ತಾನೆ. ಮುಂದಿನದಕ್ಕೆಲ್ಲ ಮೂಲ ಇದೇ.

ಆಫೀಸು ಬೇಡವೆಂದು ಬಿಸಾಡಿದ ಸರ್ವರ್ ಒಂದನ್ನು ಭಾವನವರು ಹೊತ್ತು ತಂದು ಅತ್ತೆಯ ಕೋಣೆಯ ಮೂಲೆಯಲ್ಲಿ ಪ್ರತಿಷ್ಠಾಪಿಸಿದ್ದರು. ಬೇರೆಲ್ಲೂ ಪ್ಲಗ್ ಖಾಲಿ ಇರಲಿಲ್ಲ. ಅದರೊಳಗೆ ಮೂರು ವರ್ಚುವಲ್ ಮಷೀನುಗಳು. ಅಂದರೆ ಇಲ್ಲದ ಕಂಪ್ಯೂಟರುಗಳು. ಇರುವ ಕಂಪ್ಯೂಟರಿನ ಕೆಲಸವನ್ನೆಲ್ಲ ಮಾಡುತ್ತವೆ. ಒಂದೇ ಮನೆಗೆ ಅಡ್ಡಗೋಡೆ ಹಾಕಿ ಮೂರು ಬಾಡಿಗೆದಾರರನ್ನು ಇಟ್ಟ ಹಾಗೆ. ಒಂದರಲ್ಲಿ ಮನೆಯ ಫೋಟೋ, ಇನ್ನೊಂದರಲ್ಲಿ ಭಾವನವರ ಪ್ರಯೋಗಗಳು, ಮೂರನೆಯದರಲ್ಲಿ ಹೆಂಡತಿಯ ಟೈಲರಿಂಗ್ ಅಂಗಡಿ. ಸರ್ವರ್ ಪಕ್ಕದಲ್ಲಿ ಒಂದು ಪುಟ್ಟ ಬ್ಯಾಕಪ್ ಪೆಟ್ಟಿಗೆ. ದಿನವೂ ಮೂರೂ ಮಷೀನುಗಳ ನಕಲು ತಾನೇ ತಾನಾಗಿ ಅದಕ್ಕೆ ಇಳಿಯಬೇಕು. ಅಂಥ ಏರ್ಪಾಡು!

ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಇಷ್ಟು ದಿನ ಜಿಪ್ ಹಾಕುವುದು, ಅಂಚು ಮಡಿಸುವುದು, ದಪ್ಪಗಾದವರಿಗೆ ಸಡಿಲ ಮಾಡಿ ಸಣ್ಣಗಾದವರಿಗೆ ಬಿಗಿ ಮಾಡುವುದು, ಇಷ್ಟೇ. ಈಗ ಮೊದಲ ಬಾರಿಗೆ ದೊಡ್ಡ ಆರ್ಡರು ಬಂದಿತ್ತು. ಪೇಟೆಯ ಹೋಟೆಲಿನ ಸಿಬ್ಬಂದಿಗೆಲ್ಲ ಹೊಸ ಸಮವಸ್ತ್ರ! ಆಕೆ ನಾಲ್ಕು ದಿನ ಹೋಟೆಲಿಗೆ ಅಲೆದು ಒಬ್ಬೊಬ್ಬರ ಅಳತೆ ತೆಗೆದು ಕಂಪ್ಯೂಟರಿಗೆ ಹಾಕಿದ್ದಳು. ಬಟ್ಟೆಯ ಥಾನುಗಳು ಬಂದು ಬಿದ್ದಿದ್ದವು. ಸೋಮವಾರ ಬೆಳಿಗ್ಗೆ ಕತ್ತರಿ ಹಾಕಬೇಕು. ತಡವಾದರೆ ಆರ್ಡರು ದೊಡ್ಡ ಬೀದಿಯ ರೆಡಿಮೇಡ್ ಅಂಗಡಿಗೆ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಈ ಒಂದು ಆರ್ಡರು ಸರಿಯಾಗಿ ಹೋದರೆ ಜಿಪ್ಪಿನಿಂದ ಬಿಡುಗಡೆ ಎಂದು ಆಕೆ ಕನಸು ಕಟ್ಟಿಕೊಂಡಿದ್ದಳು.

ಆ ಬೆಳಿಗ್ಗೆ ಅಂಗಡಿಯ ವರ್ಚುವಲ್ ಮಷೀನ್ ಆಮೆಯಾಗಿತ್ತು. ಹಿಂದಿನ ಸಂಜೆ ಭಾವನವರೇ ಅದಕ್ಕೇನೋ ಅಪ್‌ಡೇಟ್ ಹಾಕಿ ಆಕಳಿಸುತ್ತಾ ಎದ್ದುಹೋಗಿದ್ದರು.

"ರೀ, ಒಂದು ಅಕ್ಷರ ಒತ್ತಿದ್ರೆ ಅರ್ಧ ಗಂಟೆ ಯೋಚನೆ ಮಾಡುತ್ತೆ. ಸ್ವಲ್ಪ ಸರಿ ಮಾಡಿಕೊಡಿ. ಅಳತೆ ಹಾಳೆಗಳ ಪ್ರಿಂಟ್ ತಗೋಬೇಕು."

"ಸರಿ ಮಾಡೋದಾ? ಯಾರು ಕೂತು ಹುಡುಕ್ತಾರೆ ಕಣೇ? ನಿನ್ನೆ ಮಧ್ಯಾಹ್ನದ ಬ್ಯಾಕಪ್ ಇದೆಯಲ್ಲ, ಅದನ್ನೇ ವಾಪಸ್ ತಂದುಬಿಟ್ರೆ ಆಯ್ತು."

"ಏನೂ ಹೋಗಲ್ಲ ತಾನೆ?"

ಭಾವನವರು ನಕ್ಕರು. ಈಜುಗಾರನನ್ನು ನೀರೆಂದರೆ ಭಯವಾ ಎಂದು ಕೇಳಿದಂತಾಗಿತ್ತು ಅವರಿಗೆ.

ಅತ್ತೆಯ ಮಂಚದ ತುದಿಯಲ್ಲಿ ಕೂತು ಅವರು ಕೆಲಸ ಆರಂಭಿಸಿದರು. ಹಳೆಯ ಪ್ರತಿಯನ್ನು ಪಕ್ಕದಲ್ಲಿ ಬೇರೆ ಮಷೀನಾಗಿ ಎಬ್ಬಿಸಬೇಕು, ತೆರೆದು ನೋಡಬೇಕು, ಎಲ್ಲ ಇದೆಯೆಂದು ಕಂಡ ಮೇಲೆ ಮಾತ್ರ ಈಗಿರುವುದನ್ನು ತೆಗೆಯಬೇಕು. ಇದು ಆಫೀಸಿನ ಹೊಸಬರಿಗೆ ಅವರೇ ಬೆರಳೆತ್ತಿ ಹೇಳುವ ಮೊದಲ ಪಾಠ. ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಕೊಟ್ಟ ಮಾತು ಹತ್ತು ನಿಮಿಷ! ಪರದೆ ಕೇಳಿತು: ಯಾವ ಪ್ರತಿ? ಭಾವನವರು "ಇತ್ತೀಚಿನದು" ಎಂದು ಒತ್ತಿದರು. ಪರದೆ ಮತ್ತೆ ಕೇಳಿತು: ಈಗಿರುವ ಮಷೀನ್ ಪೂರ್ತಿ ಅಳಿಸಿಹೋಗುತ್ತದೆ, ಖಚಿತವೇ? ಖಚಿತವಂತೆ! ಮದುವೆಯ ದಿನ ಕೂಡ ಯಾರೂ ಅವರನ್ನು ಇಷ್ಟು ಸಲ ಕೇಳಿರಲಿಲ್ಲ. ಕಣ್ಣುಜ್ಜಿಕೊಳ್ಳುತ್ತಾ ಅದನ್ನೂ ಒತ್ತಿದರು.

ಮಷೀನ್ ಎದ್ದಿತು. ಕುದುರೆಯಂತೆ ಓಡಿತು! ಹೆಂಡತಿಯ ಲೋಟದಲ್ಲಿ ಇನ್ನೂ ಎರಡು ಗುಟುಕು ಕಾಫಿ ಇತ್ತು.

"ಬಾ, ನೋಡು ಬಾ! ಹೇಗೆ ಓಡ್ತಿದೆ!"

ಆಕೆ ಬಂದು ಪರದೆ ನೋಡಿದಳು. ಮೇಲೆ ಸರಿಸಿದಳು, ಕೆಳಗೆ ಸರಿಸಿದಳು.

"ರೀ, ಹೋಟೆಲ್ ಎಲ್ಲಿ?"

"ಇರುತ್ತೆ, ಸರಿಯಾಗಿ ನೋಡು."

"ಇಲ್ಲಿರೋದು ಮೂಲೆಮನೆ ಮೇಷ್ಟ್ರ ಸೂಟು. ಇದು ಹೊಲಿದು ಕೊಟ್ಟಾಯ್ತು. ಅವರಿಗೆ ಹೊಟ್ಟೆ ಬಂತು. ಸಡಿಲ ಮಾಡಿಕೊಟ್ಟಾಯ್ತು. ಮೊನ್ನೆ ಅದೂ ಸಾಲಲ್ಲ ಅಂತ ಬಂದಿದ್ರು. ಇದು ಯಾವ ಕಾಲದ ನಿನ್ನೆ ರೀ?"

ಒತ್ತುವ ಮುಂಚೆ ನೋಡಬೇಕಿದ್ದ ತಾರೀಖನ್ನು ಭಾವನವರು ಈಗ ನೋಡಿದರು. ಇತ್ತೀಚಿನ ಪ್ರತಿಯೇನೋ ನಿಜ. ಆದರೆ ಆ ಇತ್ತೀಚಿನದು ಹೋದ ವರ್ಷದ್ದು! ಅದರ ನಂತರ ಒಂದೇ ಒಂದು ನಕಲೂ ಪೆಟ್ಟಿಗೆಗೆ ಇಳಿದಿರಲಿಲ್ಲ. ನಿನ್ನೆಯ ಮಷೀನ್ ಅಳಿಸಿಯಾಗಿತ್ತು. ಅಳಿಸಿದ ಜಾಗದ ಮೇಲೆಯೇ ಮೇಷ್ಟ್ರ ಸೂಟು ಬಂದು ಕೂತಾಗಿತ್ತು.

"ಹೀಗಾಗೋಕೆ ಸಾಧ್ಯಾನೇ ಇಲ್ಲ," ಎಂದರು ಭಾವನವರು. ಆಮೇಲೆ, ತಮಗೇ ಕೇಳಿಸದ ದನಿಯಲ್ಲಿ, "ನಾನೇನೂ ಮಾಡಿಲ್ಲ, ಅದಾಗೇ..." ಎಂದು ನಾಲಿಗೆ ಕಚ್ಚಿಕೊಂಡರು.

ಪೆಟ್ಟಿಗೆ ತಡವಿದರು. ತಂತಿ ಎಳೆದು ನೋಡಿದರು. ಮಂಚದ ಕೆಳಗೆ ತಲೆ ತೂರಿಸಿ ಪ್ಲಗ್ ನೋಡುತ್ತಿರುವಾಗ ಮೇಲಿನಿಂದ ಅತ್ತೆಯ ದನಿ ಬಂತು.

"ಅದು ಸರಿಯಾಗೇ ಇದೆ ಅಳಿಯಂದ್ರೇ. ದಿನಾ ಎದ್ದ ಮೇಲೆ ನಾನೇ ವಾಪಸ್ ಹಾಕ್ತೀನಲ್ಲ."

ಮಂಚದ ಕೆಳಗೆ ತಲೆ ಠಣ್ಣೆಂದು ಬಡಿಯಿತು.

"ವಾಪಸ್ ಹಾಕ್ತೀರಾ? ಅಂದ್ರೆ ತೆಗೀತೀರಾ ಅತ್ತೆ?"

"ತೆಗೀದೆ ಇನ್ನೇನು ಮಾಡ್ಲಿ? ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚೋದೇ ತಡ, ಆ ಪುಟ್ಟ ಪೆಟ್ಟಿಗೆ ಗುಂಯ್ ಅಂತ ಶುರು ಮಾಡುತ್ತೆ. ಅದರ ಪ್ಲಗ್ ಕಿತ್ತು ಮಲಗ್ತೀನಿ. ಎದ್ದು ಹಾಕಿಡ್ತೀನಿ. ಪಾಪ, ನಿಮ್ಮ ವಸ್ತು, ಹಾಳಾಗಬಾರ್ದಲ್ಲ?"

"ಅಯ್ಯೋ ಅತ್ತೆ, ಅದು ಕೆಲಸ ಮಾಡೋದೇ ಆ ಹೊತ್ತಲ್ಲಿ!"

"ಮೊದಲು ರಾತ್ರಿ ತಾನೆ ಮಾಡ್ತಿದ್ದಿದ್ದು? ಗೋಡೆಯಾಚೆ ನಿಮಗೆ ನಿದ್ದೆ ಬರಲ್ಲ ಅಂತ ಮಧ್ಯಾಹ್ನಕ್ಕೆ ಹಾಕಿದ್ರಂತೆ. ನಮ್ಮದು ನಿದ್ದೆ ಅಲ್ವಾ?"

ನಕಲು ಇಳಿಯದ ಸುದ್ದಿಯನ್ನು ಸರ್ವರ್ ದಿನವೂ ಮೇಲ್ ಮಾಡಿ ತಿಳಿಸುತ್ತಲೇ ಇತ್ತು. ಆದರೆ ಆಫೀಸಿನ ಎಚ್ಚರಿಕೆಗಳನ್ನೇ ಓದಿ ಓದಿ ಸುಸ್ತಾಗಿದ್ದ ಭಾವನವರು, ಮನೆಯ ಸರ್ವರಿನಿಂದ ಏನೇ ಬಂದರೂ ಕಣ್ಣಿಗೆ ಬೀಳದಂತೆ ಮಾಡಿಟ್ಟಿದ್ದರು. ಮನೆಯಲ್ಲಾದರೂ ನೆಮ್ಮದಿ ಇರಲಿ ಎಂದು!

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಭಾವನವರು ಬದುಕಿಕೊಳ್ಳುತ್ತಿದ್ದರು. ಆಕೆ ಮುಂದಿನ ಕೋಣೆಗೆ ಹೋಗಿ ಬಟ್ಟೆಯ ಥಾನಿನ ಮೇಲೆ ಕೈಯಿಟ್ಟು ಕೂತಳು. ಭಾವನವರು ಬಾಗಿಲಲ್ಲಿ ನಿಂತು ನೋಡಿದರು. ಆಫೀಸಿನಲ್ಲಿ ಇಂಥ ಮುಖಗಳನ್ನು ಅವರು ದಿನವೂ ನೋಡುತ್ತಿದ್ದರು. ಎಂದೂ ಸರಿಯಾಗಿ ನೋಡಿರಲಿಲ್ಲ.

"ನನ್ನದೇ ತಪ್ಪು ಕಣೇ," ಎಂದರು.

"ಅದು ಗೊತ್ತು. ಈಗೇನು ಮಾಡೋದು ಹೇಳಿ."

"ಅಳತೆ ಎಲ್ಲೂ ಬರೆದಿಟ್ಟಿಲ್ವಾ? ಒಂದೂ ನೆನಪಿಲ್ವಾ?"

"ಬರೆದಿಟ್ಕೋಬೇಡ, ನೆನಪಲ್ಲೂ ಇಟ್ಕೋಬೇಡ, ನಾನಿದೀನಿ ಅಂದಿದ್ದು ಯಾರು?"

ಆಕೆ ಎದ್ದಳು, ಮುಖ ತೊಳೆದಳು, ಗೂಟದಿಂದ ಎರಡು ಟೇಪು ತೆಗೆದಳು. ಒಂದನ್ನು ತನ್ನ ಕೊರಳಿಗೆ ಹಾಕಿಕೊಂಡು, ಇನ್ನೊಂದನ್ನು ಗಂಡನ ಕೊರಳಿಗೆ ಹಾಕಿದಳು.

"ನಡೀರಿ. ಭಾನುವಾರ ಹೋಟೆಲಲ್ಲಿ ಎಲ್ಲರೂ ಡ್ಯೂಟಿ ಮೇಲಿರ್ತಾರೆ. ನೀವು ಅಡುಗೆಮನೆ ನೋಡಿ, ನಾನು ಹೊರಗಿನವರನ್ನು ನೋಡ್ತೀನಿ."

"ನಾನಾ? ನನಗೆ ಟೇಪ್ ಹಿಡಿಯೋಕೆ ಬರಲ್ಲ!"

"ಬರಲ್ಲ ಅಂತ ಒಪ್ಕೊಂಡ್ರಲ್ಲ, ಕಲೀತೀರಿ ಬಿಡಿ."

ಹೋಟೆಲಿನ ಅಡುಗೆಮನೆ ಎಂದರೆ ಹೊಗೆ, ಹಬೆ, ಕೂಗಾಟ. ಅಲ್ಲಿ ನಿಲ್ಲುವವರೇ ಯಾರೂ ಇಲ್ಲ! ಪಾತ್ರೆ ತೊಳೆಯುವವನ ತೋಳಿನ ಉದ್ದ ಹಿಡಿಯಲು ಹೋದರೆ ಅವನು ತಟ್ಟೆ ಇಡಲು ಬಾಗುತ್ತಾನೆ. ತರಕಾರಿ ಹೆಚ್ಚುವವನ ಭುಜಕ್ಕೆ ಟೇಪು ಇಡಲು ಚಾಕು ಕೆಳಗಿಳಿಯುವವರೆಗೂ ಕಾಯಬೇಕು. ಭಾವನವರು ಇಬ್ಬರನ್ನು ಟೇಪನ್ನು ತಿರುವುಮುರುವಾಗಿ ಹಿಡಿದು ಅಳೆದರು. ಹೊರಗಿನವರನ್ನು ಮುಗಿಸಿ ಬಂದು ಹಾಳೆ ನೋಡಿದ ಹೆಂಡತಿ, "ಇವರ ಸೊಂಟ ಕುತ್ತಿಗೆಗಿಂತ ಸಣ್ಣ ಇದೆಯಲ್ರೀ, ಬದುಕಿದಾರಾ?" ಎಂದಳು. ಮತ್ತೆ ಅಳೆದರು. ಬಾಗಿ ಎದ್ದು, ಬಾಗಿ ಎದ್ದು, ಬೆನ್ನು ಬಿದ್ದೇಹೋಯಿತು. ಅಂಗಿಯ ಮೇಲೆ ಮೂರು ಬಗೆಯ ಸಾರು ಚೆಲ್ಲಿತ್ತು. ಕೊನೆಗೆ ಉಳಿದವರು ಮುಖ್ಯ ಬಾಣಸಿಗರು. ಆಳು ಅಗಲ, ಮಾತು ಕಡಿಮೆ. ಟೇಪು ಸುತ್ತು ಹಾಕಲು ಭಾವನವರು ಅವರನ್ನು ಹೆಚ್ಚುಕಡಿಮೆ ಅಪ್ಪಿಕೊಳ್ಳಬೇಕಾಯಿತು.

"ಸ್ವಲ್ಪ ಉಸಿರು ಬಿಡಿ ಸಾರ್."

"ಬಿಟ್ಟಿದೀನಿ. ಬಿಟ್ಟ ಮೇಲೇನೇ ಇಷ್ಟು."

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದರು. ಬಂದವರು ಭಾವನವರ ಹೆಂಡತಿಯ ಮುಂದೆ ನಿಂತು ಹುಬ್ಬೇರಿಸಿದರು.

"ಏನಮ್ಮಾ, ಅಳತೆ ಆಗಲೇ ತಗೊಂಡಿದ್ರಲ್ಲ?"

ಆರ್ಡರು ಹೋಯಿತು ಎಂದುಕೊಂಡರು ಭಾವನವರು. ಆಕೆ ಮಾತ್ರ ಅಳುಕಲಿಲ್ಲ.

"ಹೌದು ಸಾರ್. ಕತ್ತರಿ ಹಾಕಿದ ಮೇಲೆ ಬಟ್ಟೆ ವಾಪಸ್ ಬರಲ್ಲ ನೋಡಿ. ಅದಕ್ಕೇ ಮುಂಚೆ ಇನ್ನೊಂದು ಸಲ ನೋಡ್ಕೋತಾ ಇದೀನಿ. ನಾಳೆ ಬೆಳಿಗ್ಗೆ ಕತ್ತರಿ ಹಾಕ್ತೀನಿ. ಹೇಳಿದ ದಿನಕ್ಕೇ ಕೊಡ್ತೀನಿ."

ಮ್ಯಾನೇಜರ್ ಕರಗಿಹೋದರು!

"ಕೆಲಸ ಅಂದ್ರೆ ಹೀಗಿರಬೇಕು ಕಣಮ್ಮಾ! ನಮ್ಮ ಇನ್ನೊಂದು ಹೋಟೆಲಿನ ಸಮವಸ್ತ್ರಾನೂ ನೀವೇ ಹೊಲೀರಿ. ಅಲ್ಲ, ನಮ್ಮ ಕಂಪ್ಯೂಟರ್ ನೋಡ್ಕೊಳ್ಳೋನಿಗೆ ಇದರಲ್ಲಿ ಅರ್ಧ ಬುದ್ಧಿ ಇದ್ದಿದ್ರೂ ಸಾಕಾಗಿತ್ತು. ರೂಮ್ ಬುಕಿಂಗ್ ಎಲ್ಲ ಅಳಿಸಿ ಓಡಿಹೋದ. ಈ ಸರ್ವರ್ರು, ಬ್ಯಾಕಪ್ಪು ಎಲ್ಲ ಚೆನ್ನಾಗಿ ತಿಳಿದಿರೋರು ನಿಮಗೆ ಯಾರಾದ್ರೂ ಗೊತ್ತಾ?"

ಬಾಣಸಿಗರ ಸೊಂಟ ಹಿಡಿದಿದ್ದ ಭಾವನವರ ತಲೆ ತಾನಾಗಿ ಮೇಲೆದ್ದಿತು. ಬೆನ್ನು ನೆಟ್ಟಗಾಯಿತು. ಅವರು ಗಂಟಲು ಸರಿಮಾಡಿಕೊಂಡು ಹೆಂಡತಿಯ ಕಡೆ ನೋಡಿದರು.

ಆಕೆ ಹಾಳೆಯಿಂದ ಕಣ್ಣೆತ್ತಲಿಲ್ಲ.

"ಯಾರೂ ಗೊತ್ತಿಲ್ಲ ಸಾರ್," ಎಂದಳು. "ಸಿಕ್ಕಿದ್ರೆ ನಮಗೂ ಹೇಳಿ. ನಾವೂ ಹುಡುಕ್ತಾ ಇದೀವಿ."