ಸೋಲಿನ ಹತ್ತನೆಯ ಪಾಲು

ಆ ವರ್ಷದ ಮೊದಲನೆಯ ತಾರೀಖಿನಿಂದ ಜಾರಿಗೆ ಬರುವಂತೆ ಯಾವ ಪ್ರಜೆಯೂ ಪೂರ್ತಿಯಾಗಿ ಸೋಲತಕ್ಕದ್ದಲ್ಲ ಎಂದು ಸರ್ಕಾರ ತೀರ್ಮಾನಿಸಿತು. ಮನರಂಜನೆಗಾಗಿ ಜೂಜಾಡುವವರು ಗೆದ್ದದ್ದನ್ನು ಹತ್ತಕ್ಕೆ ಹತ್ತೂ ಲೆಕ್ಕಕ್ಕೆ ಹಿಡಿಯಬೇಕು; ಸೋತದ್ದನ್ನು ಹತ್ತಕ್ಕೆ ಒಂಬತ್ತು ಮಾತ್ರ. ಉಳಿದ ಒಂದು ಪಾಲು ಎಲ್ಲಿಗೆ ಹೋಗುತ್ತದೆಂದು ಅಧಿಸೂಚನೆ ಹೇಳಿರಲಿಲ್ಲ. ಜನ ಕೇಳಲೂ ಇಲ್ಲ. ಸೋತವರು ಪ್ರಶ್ನೆ ಕೇಳುವುದು ಕಡಿಮೆ.

ಟೈಲರ್ ಮಾತ್ರ ಕೇಳಬೇಕಾಗಿ ಬಂತು. ಪ್ರತಿ ಶನಿವಾರ ಸಂಜೆ ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿಕೊಂಡು ಅವನು ಕ್ಷೌರದಂಗಡಿಯವ, ಬೀಗ ರಿಪೇರಿಯವ ಮತ್ತು ರಿಟೈರಾದ ಮೇಷ್ಟರ ಜೊತೆ ಇಸ್ಪೀಟಾಡುತ್ತಿದ್ದ. ಇಪ್ಪತ್ತು ವರ್ಷದಿಂದ ಹಣ ಆ ನಾಲ್ಕು ಜೇಬುಗಳಲ್ಲೇ ಸುತ್ತುತ್ತಿತ್ತು. ಉಳಿದ ಮೂವರು ಏನನ್ನೂ ಬರೆದಿಡುತ್ತಿರಲಿಲ್ಲ. ಟೈಲರಿಗೆ ಬರೆದಿಡದೆ ಕತ್ತರಿಯೇ ಓಡದು. ಹೀಗಾಗಿ ಅಳತೆ ಪುಸ್ತಕದಲ್ಲಿ ಯಾರದೋ ಎದೆ ಮೂವತ್ತೆಂಟು, ಸೊಂಟ ಮೂವತ್ತಾರರ ಕೆಳಗೆ ಅವನ ಗೆಲುವು ಸೋಲುಗಳೂ ಇದ್ದವು. ವರ್ಷದ ಕೊನೆಗೆ ಕೂಡಿಸಿ ನೋಡಿದ. ಗೆದ್ದದ್ದು ನಲವತ್ತು ಸಾವಿರ, ಸೋತದ್ದೂ ನಲವತ್ತು ಸಾವಿರ. ಲೆಕ್ಕ ಸರಿಹೋದ ಸಂತೋಷಕ್ಕೆ ತಾನಾಗಿಯೇ ಹೋಗಿ ತೆರಿಗೆ ಕಚೇರಿಗೆ ತಿಳಿಸಿ ಬಂದ.

ಹದಿನೈದು ದಿನಕ್ಕೆ ನೋಟಿಸು ಬಂತು. ಸೋಲಿನಲ್ಲಿ ಮೂವತ್ತಾರು ಸಾವಿರವನ್ನು ಮಾನ್ಯ ಮಾಡಿದೆ. ಉಳಿದ ನಾಲ್ಕು ಸಾವಿರ ಆದಾಯ. ಅದರ ಮೇಲೆ ತೆರಿಗೆ ಸಾವಿರದ ಇನ್ನೂರು.

ಹೆಂಡತಿ ಅದನ್ನು ಎರಡು ಸಲ ಓದಿದಳು. ಸಾವಿರದ ಇನ್ನೂರು ಎಂದರೆ ತಂಗಿಯ ಊರಿಗೆ ರೈಲಿನ ಟಿಕೆಟ್ಟು. ತಂಗಿಯ ಮಗು ಆಗಲೇ ಓಡಾಡುತ್ತಿತ್ತು. ದೊಡ್ಡಮ್ಮ ಇನ್ನೂ ಅದರ ಮುಖ ನೋಡಿರಲಿಲ್ಲ.

"ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಆದ್ರೂ ದಂಡ. ಬೇರೆ ಯಾರಿಗೂ ಬರದಿರೋ ಕಾಗದ ನಿಮಗೇ ಯಾಕ್ರೀ ಬಂತು?"

"ನಾನೇ ಹೋಗಿ ಹೇಳ್ದೆ."

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ್ರಿ. ಈಗ ನೀವೇ ಹೋಗಿ ಕಳಿಸಿ ಬನ್ನಿ. ನನ್ನ ಟಿಕೆಟ್ ದುಡ್ಡಂತೂ ಕೊಡಲ್ಲ."

ತೆರಿಗೆ ಕಚೇರಿಯ ಮೇಡಂ ತುಂಬ ಒಳ್ಳೆಯವರು. ಕುರ್ಚಿ ಒರೆಸಿ ಕೂರಿಸಿದರು.

"ಮೇಡಂ, ಆ ಹತ್ತನೇ ಪಾಲೂ ನಾನು ನಿಜವಾಗ್ಲೂ ಸೋತಿದ್ದೀನಿ."

"ಸೋತಿದ್ದೀರಿ. ಇಲಾಖೆ ಅದನ್ನ ಇಲ್ಲ ಅನ್ನಲ್ಲ. ಆದ್ರೆ ಆಡುವಾಗ ನಿಮಗೆ ಖುಷಿ ಆಗಿದೆ. ಆ ಪಾಲು ಖುಷಿಯ ಬೆಲೆ."

"ಸೋತರೆ ಯಾರಿಗೆ ಮೇಡಂ ಖುಷಿ?"

ಮೇಡಂ ಅವನು ತಂದಿದ್ದ ಅಳತೆ ಪುಸ್ತಕ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದರು. "'ಈ ದಿನ ಮುನ್ನೂರು ಹೋಯಿತು. ಮೇಷ್ಟರು ಎಲೆ ಬಚ್ಚಿಟ್ಟು ಸಿಕ್ಕಿಬಿದ್ದರು. ನಕ್ಕು ನಕ್ಕು ಪಕ್ಕೆ ಹಿಡಿಯಿತು.' ನಿಮ್ಮದೇ ಅಕ್ಷರ ಅಲ್ವಾ?"

ಟೈಲರ್ ಬಗ್ಗಿ ನೋಡಿ ಹೌದೆಂದ.

"ದಾರಿ ಇಲ್ಲ ಅಂತೇನಿಲ್ಲ. ನಮೂನೆ ಹದಿನೇಳು, ನಿರುತ್ಸಾಹ ದೃಢೀಕರಣ. ನಾಲ್ಕು ಶನಿವಾರ ನಾನು ಬಂದು ಕೂರ್ತೀನಿ. ನೀವು ಆಡ್ಬೇಕು, ಖುಷಿಪಡಬಾರ್ದು. ಮುಗುಳ್ನಗೆ ಮೂರರವರೆಗೆ ಮಾಫಿ."

"ಬಿಕ್ಕಳಿಕೆ ಬಂದ್ರೆ?"

"ಅದು ಆರೋಗ್ಯ ಇಲಾಖೆಗೆ ಸೇರಿದ್ದು."

ಮೊದಲ ಶನಿವಾರ ಮೇಡಂ ಸ್ವಲ್ಪ ಮುಂಚೆಯೇ ಬಂದು ಇಸ್ತ್ರಿ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಟೈಲರ್ ಗುನುಗುತ್ತ ಕೊನೆಯ ಅಂಗಿಯ ಕಾಜ ಹೊಲಿದು ಮುಗಿಸಿದ. ಆಮೇಲೆ ಆಟ ಶುರುವಾಯಿತು.

"ಏನೋ, ನಿನ್ನ ಮುಖಕ್ಕೂ ಇಸ್ತ್ರಿ ಹಾಕ್ಸಿದ್ಯಾ?" ಎಂದ ಕ್ಷೌರದಂಗಡಿಯವ.

"ಬಾಯ್ಮುಚ್ಚೋ. ಅವಳ ಟಿಕೆಟ್ಟು ಹೋಗುತ್ತೆ."

"ಇರ್ಲಿ ಬಿಡು. ನೀನು ಮದುವೆ ದಿನಾನೂ ಹೀಗೇ ಇದ್ದೆ."

ಟೈಲರನ ತುಟಿಯಂಚು ಅಲ್ಲಾಡಿತು. ಮೇಡಂ 'ಒಂದು' ಎಂದು ಬರೆದುಕೊಂಡರು.

ಆಮೇಲೆ ನಗು ಬಂದಾಗಲೆಲ್ಲ ಅವನು ನೋಟಿಸಿನ ಎರಡನೆಯ ಪ್ಯಾರಾವನ್ನು ಮನಸ್ಸಿನಲ್ಲೇ ಓದಿಕೊಂಡ. ಮದ್ದು ಚೆನ್ನಾಗಿ ಹಿಡಿಯಿತು. ಮೂರನೆಯ ಶನಿವಾರದ ಹೊತ್ತಿಗೆ ಆಟ ನಿಜಕ್ಕೂ ಸಪ್ಪೆಯಾಗಿ, ಮೇಷ್ಟರು ಎಲೆ ಬಚ್ಚಿಡುವುದನ್ನೂ ಬಿಟ್ಟರು. ನಾಲ್ಕನೆಯ ಶನಿವಾರ ಮೇಡಮ್ಮೇ ಎರಡು ಸಲ ತೂಕಡಿಸಿದರು. ವರದಿಯಲ್ಲಿ ಅದನ್ನು ಪೂರಕ ಸಾಕ್ಷ್ಯವೆಂದು ನಮೂದಿಸಿದರು.

"ಸದರಿ ವ್ಯಕ್ತಿಯು ಇಸ್ಪೀಟಿನಿಂದ ಯಾವುದೇ ಬಗೆಯ ಸುಖವನ್ನು ಅನುಭವಿಸುತ್ತಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ." ತೆರಿಗೆ ಮಾಫಿಯಾಯಿತು. ಸೋಮವಾರದ ರೈಲಿಗೆ ಹೆಂಡತಿ ಹೊರಟಳು.

ಮಂಗಳವಾರ ಇನ್ನೊಂದು ಕಾಗದ ಬಂತು. ಸುಖವಿಲ್ಲದಿದ್ದರೂ ವಾರವಾರ ತಪ್ಪದೆ ಮಾಡುವ ಕಾರ್ಯವನ್ನು ಕಾನೂನು ಉದ್ಯೋಗವೆಂದು ಪರಿಗಣಿಸುತ್ತದೆ. ಆದ್ದರಿಂದ ಸದರಿಯವರ ಉದ್ಯೋಗ ಇಸ್ಪೀಟು. ಕಾಜ ಹೊಲಿಯುವಾಗ ಸದರಿಯವರು ಗುನುಗಿದ್ದು ಪರಿಶೀಲನೆಯಲ್ಲಿ ಕಂಡುಬಂದಿರುವುದರಿಂದ ಹೊಲಿಗೆ ಮನರಂಜನೆ. ಉದ್ಯೋಗದ ಸೋಲು ಪೂರ್ತಿ ಮಾನ್ಯ. ಮನರಂಜನೆಯಲ್ಲಿ ಬಟ್ಟೆ ಕೆಟ್ಟರೆ ಹತ್ತಕ್ಕೆ ಒಂಬತ್ತು ಮಾತ್ರ. ಉದ್ಯೋಗವನ್ನು ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಮಾಡತಕ್ಕದ್ದು, ಶನಿವಾರ ರಜೆ.

ಟೈಲರ್ ಕಾನೂನಿಗೆ ತಲೆಬಾಗಿದ. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿ ಕಟ್ಟಿಕೊಂಡು ಇಸ್ಪೀಟಿಗೆ ಹೊರಟರೆ ಸಂಜೆ ಆರಕ್ಕೆ ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದ. ತಂಗಿಯ ಮನೆಯಿಂದ ಹೆಂಡತಿ ಫೋನು ಮಾಡುತ್ತಿದ್ದಳು.

"ಕೆಲಸದಿಂದ ಬಂದ್ರಾ?"

"ಈಗ ತಾನೇ. ಇವತ್ತು ಇನ್ನೂರು ಸೋತೆ."

"ದುಡಿದೂ ದುಡಿದೂ ಸೊರಗಬೇಡಿ. ಮಗು ನನ್ನ ಸೆರಗು ಬಿಡ್ತಿಲ್ಲ, ಇನ್ನೊಂದು ವಾರ ಇದ್ದು ಬರ್ತೀನಿ."

ಶನಿವಾರ ಮಾತ್ರ ನಾಲ್ವರೂ ಅಂಗಡಿಯಲ್ಲಿ ಸೇರಿ ಹೊಲಿಗೆಗೆ ಕೂರುತ್ತಾರೆ. ಮನರಂಜನೆಯ ಮೇಲ್ವಿಚಾರಣೆಗೆ ಮೇಡಂ ಇರುತ್ತಾರೆ. ಮೊನ್ನೆ ಮೇಷ್ಟರು ಯಾರದೋ ಪ್ಯಾಂಟಿಗೆ ಗುಂಡಿ ಹಚ್ಚಲು ಹೋಗಿ ತಮ್ಮ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಬಿಟ್ಟರು. ಎದ್ದು ನಿಂತರೆ ಪ್ಯಾಂಟೂ ಎದ್ದು ನಿಂತಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಡಂ ಕಣ್ಣೊರೆಸಿಕೊಂಡು ರಸೀದಿ ಪುಸ್ತಕ ತೆಗೆದರು. "ಎಲ್ಲರ ನಗೂ ಸೇರಿ ಖುಷಿಯ ಬೆಲೆ ಹತ್ತು ರೂಪಾಯಿ ಆಯ್ತು."

ಟೈಲರ್ ಇಪ್ಪತ್ತರ ನೋಟು ಕೊಟ್ಟ. ಮೇಡಂ ಹತ್ತಿರ ಚಿಲ್ಲರೆ ಇರಲಿಲ್ಲ. ಎಲ್ಲರೂ ಇನ್ನೊಂದು ಸಲ ಅಷ್ಟೇ ಹೊತ್ತು ನಕ್ಕು ಲೆಕ್ಕ ಸರಿ ಮಾಡಿಕೊಂಡರು.