ನಾಲ್ಕು ಸೆಕೆಂಡು ದೂರದ ಗುರು

ಒಂದೂರಲ್ಲಿ ಒಬ್ಬ ಶಿಷ್ಯನಿದ್ದ, ಇನ್ನೊಂದೂರಲ್ಲಿ ಅವನ ಗುರುವಿದ್ದ. ಅಜ್ಜಿ ಕತೆಯಾಗಿದ್ದರೆ ನಡುವೆ ಏಳು ಸಮುದ್ರ ಇರುತ್ತಿತ್ತು. ಇವರ ನಡುವೆ ಇದ್ದದ್ದು ನಾಲ್ಕೇ ಸೆಕೆಂಡು.

ಶಿಷ್ಯ, ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬಾಡಿಗೆಗಿದ್ದು ಸರ್ಜರಿ ಕಲಿಯುತ್ತಿದ್ದ ಡಾಕ್ಟರ್ ಗುರುಕಿರಣ್. ಗುರು, ತಿರುವನಂತಪುರದ ಶ್ರೀಕಾರ್ಯಂನ ಡಾಕ್ಟರ್ ಕೃಷ್ಣಾನಂದ. ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್ನಿನಲ್ಲಿ ಎತ್ತಿದ ಕೈ. ಪಾಠವೆಲ್ಲ ವಿಡಿಯೋ ಕಾಲ್‌ನಲ್ಲಿ. ಅಭ್ಯಾಸಕ್ಕೆಂದು ಇಟ್ಟ ಪೆಟ್ಟಿಗೆಯ ತೂತಿನೊಳಗೆ ಎರಡು ಉದ್ದ ಚಿಮುಟ ತೂರಿಸಿ, ಒಳಗಿಟ್ಟ ನೇಂದ್ರ ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕಬೇಕು. ಬುಧವಾರ ಸಂಜೆಯೊಳಗೆ ಸಾಲಾಗಿ ಐದು ಗಂಟು ಕಟ್ಟಿ ತೋರಿಸಿದರೆ, ಸೋಮವಾರ ಥಿಯೇಟರಿನಲ್ಲಿ ಗುರುಗಳ ಪಕ್ಕ ನಿಂತು ಸೂಜಿ ಹಿಡಿಯುವ ಭಾಗ್ಯ. ತಪ್ಪಿದರೆ ಅದು ಸಹಪಾಠಿ ಪ್ರತೀಕ್ಷಾಳ ಪಾಲು.

"ಕಟ್ಟಿಯೇ ಕಟ್ತೇನೆ ಸರ್," ಎಂದು ಮಾತು ಕೊಟ್ಟಿದ್ದ.

ಬುಧವಾರ ಬೆಳಿಗ್ಗೆ ನೆಟ್‌ವರ್ಕ್ ಮುನಿಸಿಕೊಂಡಿತು. ಪರದೆಯಲ್ಲಿ ಗುರುಗಳು ಅದೇಕೋ ಕಪ್ಪು ಕನ್ನಡಕ ಧರಿಸಿ ಕೂತಿದ್ದರು. ಅವರ ಮಾತು, ಮದುವೆ ಮುಗಿದ ಮೇಲೆ ತಲುಪುವ ಲಗ್ನಪತ್ರಿಕೆಯ ಹಾಗೆ, ನಾಲ್ಕು ಸೆಕೆಂಡು ತಡವಾಗಿ ಬರುತ್ತಿತ್ತು. "ಎಡಕ್ಕೆ!" ಎನ್ನುವಾಗ ಬಲಕ್ಕೆ ಹೋಗಬೇಕಿತ್ತು. "ನಿಲ್ಲು!" ಎನ್ನುವಾಗ ಸಿಪ್ಪೆ ಹರಿದಾಗಿತ್ತು. ಹೊಸ ಸಿಪ್ಪೆ ಇಟ್ಟರೆ, ಹಳೆಯ ಸಿಪ್ಪೆಯ ಬೈಗುಳ ಬಂತು: "ಎಂಥದು ಮಾರಾಯ, ಕೈಯಾ ಹಾರೆಯಾ?"

ಪಕ್ಕದ ಮನೆಯ ಟೈಲರ್ ಜುಬೈದಾ, ಕಾಸರಗೋಡಿನವಳು, ಅವನನ್ನು 'ಮೋನೆ', ಅಂದರೆ ಮಗನೇ, ಎಂದೇ ಕರೆಯುವವಳು, ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ಹೊಲಿಗೆ ಫೋನಲ್ಲಿ ಕಲಿಯುವುದಾ ಮೋನೆ? ನನ್ನ ಉಮ್ಮ ಪಕ್ಕದಲ್ಲಿ ಕೂತು, ಸ್ಕೇಲಲ್ಲಿ ಕೈಗೆ ಕೊಟ್ಟು ಕಲಿಸಿದ್ದು. ಹೋಗಿ ಅವರೆದುರು ಕೂತುಕೋ."

"ಈಗಲೇ ಹೊರಟೆ, ಜುಬೈದಾತ್ತಾ!"

ಕೇಳಿದರೆ ಗುರುಗಳು ಬೇಡವೆಂದಾರು ಎಂದು ಹೇಳದೆಯೇ ಪೆಟ್ಟಿಗೆ, ಬಾಳೆಹಣ್ಣು ಹೊತ್ತು ರೈಲು ಹತ್ತಿದ. ಮುಖ ತೊಳೆದು ಬರುವಷ್ಟರಲ್ಲಿ ಎದುರು ಸೀಟಿನ ವಿನ್ಸೆಂಟ್ ಎಂಬವರು ಕೊನೆಯ ಹಣ್ಣು ನುಂಗುತ್ತಿದ್ದರು. ಶುಗರ್ ಇಳಿದಿತ್ತಂತೆ.

"ಹಣ್ಣು ಹೋಗಲಿ, ಸಿಪ್ಪೆ ಎಲ್ಲಿ?" ಗುರುಕಿರಣ್ ಮಲಯಾಳದಲ್ಲಿ ಕೂಗಿದ. ವಿನ್ಸೆಂಟ್ ಕಿಟಕಿಯತ್ತ ಬೆರಳು ತೋರಿಸಿ, ಮೆಲ್ಲನೆ ಎದ್ದು ಬೇರೆ ಬೋಗಿಗೆ ಹೋದರು.

ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು ಹೊಸದಾಗಿ ಒಂದು ಚಿಪ್ಪು ಬಾಳೆಹಣ್ಣು ಕೊಂಡು, ಬಸ್ಸಿನಲ್ಲಿ ಜೋತುಬಿದ್ದು ಶ್ರೀಕಾರ್ಯಂ ತಲುಪಿದಾಗ ಗಂಟೆ ನಾಲ್ಕೂವರೆ. ಗುರುಪತ್ನಿ ಚಂದ್ರಾವತಿ ಬಾಗಿಲನ್ನು ಅಂಗೈಯಗಲ ತೆರೆದರು.

"ಒಳಗೆ ಬರಬೇಡಪ್ಪ! ಇವರಿಗೆ ನಿನ್ನೆಯಿಂದ ಕೆಂಗಣ್ಣು. ಅಂಟುತ್ತದೆ. ಜಗಲಿಯಲ್ಲಿ ಕೂತು ಫೋನ್ ಮಾಡು."

ಇನ್ನೂರು ಕಿಲೋಮೀಟರು ಬಂದು ಗುರುಕಿರಣ್ ಗೋಡೆಯಾಚೆಗೆ ವಿಡಿಯೋ ಕಾಲ್ ಮಾಡಿದ. ಈಗ ಪ್ರತಿ ಬೈಗುಳವೂ ಎರಡೆರಡು ಸಲ: ಮೊದಲು ಕಿಟಕಿಯಿಂದ ಬಿಸಿಬಿಸಿ, ನಾಲ್ಕು ಸೆಕೆಂಡಿನ ಬಳಿಕ ಫೋನಿನಿಂದ ತಂಗಳು. ಎರಡು ಸಿಪ್ಪೆ ಹರಿದವು. ಆದರೂ ಅವನು ಮೂರನೆಯ ಹಣ್ಣು ಸುಲಿದ.

"ಫೋನ್ ಬಿಸಾಡು ಮಾರಾಯ! ಪೆಟ್ಟಿಗೆ ಕಿಟಕಿಗೆ ತಾ!" ಗುರುಗಳು ಸರಳುಗಳಿಗೆ ಮುಖ ಒತ್ತಿ ಕೂತರು. "ಹಾಂ, ಎಡಕ್ಕೆ. ಸಾಕು. ಈಗ ಎಳಿ, ಮೆಲ್ಲಗೆ…"

ಒಂದು ಗಂಟು ಬಿತ್ತು. ಎರಡು. ಮೂರನೆಯದು ಜಾರಿತು; ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದ. ಬೀದಿದೀಪ ಹತ್ತುವಾಗ ಐದೂ ಗಂಟು, ಮಲ್ಲಿಗೆ ಮಾಲೆಯಂತೆ ಸಾಲಾಗಿ ಕೂತಿದ್ದವು.

"ಭೇಷ್! ಸೋಮವಾರ ನೀನೇ!" ಹರ್ಷದಲ್ಲಿ ಎಲ್ಲ ಮರೆತ ಗುರುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಸರಳಿನ ನಡುವೆ ಕೈ ಚಾಚಿ ಶಿಷ್ಯನ ಎರಡೂ ಕೈ ಹಿಡಿದರು. ಗುರುಕಿರಣನಿಗೂ ಕಣ್ಣು ತುಂಬಿತು. ಅದೇ ಕೈಯಲ್ಲಿ ಒರೆಸಿಕೊಂಡ.

"ಅಯ್ಯೋ, ಕೈ!" ಎಂದು ಚಂದ್ರಾವತಿ ಚೀರಿದರು. ಅವರೂ ನಾಲ್ಕು ಸೆಕೆಂಡು ತಡ.

ಸೋಮವಾರ ಗುರುಗಳ ಕಣ್ಣು ತಿಳಿಯಾಗಿತ್ತು. ಅವರ ಪಕ್ಕದಲ್ಲಿ ಪ್ರತೀಕ್ಷಾ ಸೂಜಿ ಹಿಡಿದು ನಿಂತಿದ್ದಳು. ಪಾಲಾರಿವಟ್ಟಂನ ಕೋಣೆಯಲ್ಲಿ ಕಪ್ಪು ಕನ್ನಡಕದ ಗುರುಕಿರಣ್ ಪೆಟ್ಟಿಗೆಗೆ ಫೋನ್ ಒರಗಿಸಿ ಆ ಆಪರೇಷನ್ನನ್ನು ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ.

ಬಾಗಿಲಲ್ಲಿ ಜುಬೈದಾ ಕೇಳಿದಳು, "ಎದುರು ಕೂತು ಕಲಿತೆಯಲ್ಲ ಮೋನೆ, ಗುರುಗಳಿಂದ ಏನಾದ್ರೂ ಸಿಕ್ಕಿತಾ?"

"ಸಿಕ್ಕಿತು, ಜುಬೈದಾತ್ತಾ. ನೀವು ದೂರ ನಿಲ್ಲಿ."

ಪರದೆಯಲ್ಲಿ ಪ್ರತೀಕ್ಷಾಳ ಸೂಜಿ ಒಂದಿಷ್ಟು ಬಲಕ್ಕೆ ವಾಲಿತು. ತಡೆಯಲಾರದೆ ಗುರುಕಿರಣ್ ಕೂಗಿದ, "ಎಡಕ್ಕೆ!"

ಅಷ್ಟರಲ್ಲಿ ಅಲ್ಲಿ ಹೊಲಿಗೆ ಮುಗಿದಾಗಿತ್ತು.