ಏಳನೆಯ ಟೆಸ್ಟು

ಆ ಬೆಳಿಗ್ಗೆ ದೇವರು ಬೀದಿಯನ್ನು ಹತ್ತಿಯಲ್ಲಿ ಸುತ್ತಿಟ್ಟು ಮರೆತನೇನೋ ಎನ್ನುವಷ್ಟು ಮಂಜು. ಅದರ ನಡುವೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಹಳೆಯ ಕಾರು ಕೆಮ್ಮಿತು, ನಡುಗಿತು, ಆರಿಹೋಯಿತು.

ಹಿಂದಿನ ಸಂಜೆ ಮೇಷ್ಟ್ರು ತಾವೇ ಹೊಸ ಕಾರ್ಬುರೇಟರ್ ಕೂರಿಸಿದ್ದರು. ಅವರ ಶಿಷ್ಯೆ, ನಿವೃತ್ತ ಹೆಡ್‌ಮಿಸ್, ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಇನ್ನು ಐಡ್ಲಿಂಗ್ ಹದಕ್ಕೆ ತರುವುದೊಂದೇ ಬಾಕಿ; ಅಂದರೆ ಪೆಡಲಿನಿಂದ ಕಾಲು ತೆಗೆದರೂ ಇಂಜಿನ್ ಆರದಂತೆ ಒಂದು ಸ್ಕ್ರೂ ತಿರುಗಿಸುವುದು. ಹತ್ತು ಗಂಟೆಗೆ ಹೆಡ್‌ಮಿಸ್ ಅವರ ಏಳನೆಯ ಟೆಸ್ಟು.

‘ಪಾಸಾಗುವವರೆಗೂ ಕಲಿಸುತ್ತೇವೆ’ ಎಂದು ಬೋರ್ಡು ಬರೆಸಿದ ಗಳಿಗೆಯನ್ನು ಮೇಷ್ಟ್ರು ಎರಡು ವರ್ಷದಿಂದ ಶಪಿಸುತ್ತಿದ್ದರು. ದಿನಾ ಆರೂವರೆಗೆ ಆಕೆ ಹಾಜರು. ಆಕೆ ಗೇರು ಬದಲಿಸಿದಾಗಲೆಲ್ಲ ಮೇಷ್ಟ್ರ ಸೊಂಟದ ಒಂದು ಮೂಳೆಯೂ ಜಾಗ ಬದಲಿಸುತ್ತಿತ್ತು.

“ಇವತ್ತೊಂದು ದಿನ ದಾಟಿಸಪ್ಪಾ” ಎಂದು ಮೇಷ್ಟ್ರು ಬಾನೆಟ್ಟಿಗೇ ಕೈಮುಗಿದರು.

ಪಕ್ಕದಂಗಡಿಯ ಟೈಲರ್ ಬಂದ. “ಸರೀರಿ ಸಾರ್. ನನ್ ಮೆಷಿನ್ನಿಗೂ ಇದಕ್ಕೂ ಒಂದೇ ರಾಗ.” ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದ. ಇಂಜಿನ್ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು.

“ಲೋ, ಲೋಟದಲ್ಲಿಟ್ಟ ನನ್ ಹಲ್ಲಿನ ಸೆಟ್ಟು ಕುಣೀತಿದೆ ಕಣ್ರೋ, ಇಳಿಸ್ರೋ” ಎಂದಳು ಎದುರುಮನೆಯ ಅಜ್ಜಿ.

ಇಳಿಸಿದ. ಆರಿತು.

ಕಟಿಂಗ್ ಶಾಪಿನವನು ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ಕೂದಲೆಳೆಯಷ್ಟು ತಿರುಗಿಸಿದ. ಕಾರು ಹಾಲು ಕುಡಿದ ಮಗುವಿನಂತೆ ಗುರ್ ಅಂದಿತು. ಮೇಷ್ಟ್ರ ಕಣ್ಣಲ್ಲಿ ನೀರು. ಆ ನೀರು ಕೆನ್ನೆಗಿಳಿಯುವಷ್ಟರಲ್ಲಿ ಸ್ಕ್ರೂ ಅದುರಿ ಅದುರಿ ತಾನೇ ಸಡಿಲಾಯಿತು.

“ಇದನ್ನ ಬಿಗಿಯಾಗಿ ಹಿಡಿಯೋ ಸ್ಪ್ರಿಂಗ್ ಎಲ್ಲಿ ಸಾರ್?” ಎಂದ ಕಟಿಂಗ್ ಶಾಪಿನವನು.

“ಡಬ್ಬೀಲಿ ಇರ್ಲೇ ಇಲ್ವಲ್ಲಪ್ಪ. ಹೊಸ ಮಾಡೆಲ್ಲು, ಬೇಡವೇನೋ ಅಂದ್ಕೊಂಡೆ.”

“ಚಿಂತೆ ಬಿಡಿ” ಎಂದು ಟೈಲರ್ ಸ್ಕ್ರೂಗೆ ಕೆಂಪು ದಾರ ಬಿಗಿದು ಸುತ್ತಿ ಗಂಟು ಹಾಕಿದ.

ಆ ದಾರ ಟೆಸ್ಟಿನ ಮೈದಾನದವರೆಗೆ ಬಾಳಿತು. ಹೆಡ್‌ಮಿಸ್ ಅಂದು ಎಂಟರ ಆಕಾರವನ್ನು ಸೀಮೆಸುಣ್ಣದಲ್ಲಿ ಬರೆದಷ್ಟು ದುಂಡಗೆ ಓಡಿಸಿದರು. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. ಕೊನೆಯ ಗೆರೆಯ ಹತ್ತಿರ ನಿಧಾನಿಸಿದಾಗ ದಾರ ಕಿತ್ತುಹೋಯಿತು. ಇಂಜಿನ್ ಆರಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆರಿತು. ಮೂರನೆಯ ಸಲ ಇನ್‌ಸ್ಪೆಕ್ಟರು ಪೆನ್ನು ಮುಚ್ಚಿದರು.

“ಮುಂದಿನ ತಿಂಗಳು ಬನ್ನಿ ಅಮ್ಮಾ.”

ಮೇಷ್ಟ್ರು ಕಟ್ಟೆಯ ಮೇಲೆ ಕುಸಿದು ಕೂತರು. ಹೆಡ್‌ಮಿಸ್ ಬಂದು ಪಕ್ಕದಲ್ಲಿ ಕೂತರು. ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು.

“ಒಂದು ಮಾತು ಹೇಳಿ ಮೇಷ್ಟ್ರೇ. ಪಾಸಾಗಿಬಿಟ್ಟಿದ್ರೆ, ನಾಳೆ ಬೆಳಿಗ್ಗೆ ಆರೂವರೆಗೆ ನಾನು ಎಲ್ಲಿಗೆ ಹೋಗ್ಬೇಕಿತ್ತು?”

ಮೇಷ್ಟ್ರು ಆಕೆಯ ಕಡೆ ತಿರುಗಿದರು.

ಆಕೆ ಕನ್ನಡಕದ ಡಬ್ಬಿ ತೆರೆದು, ಉಗುರಿನಷ್ಟು ಉದ್ದದ ಹೊಸ ಸ್ಪ್ರಿಂಗೊಂದನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಿಸಿದರು.